ಏಕಾದಶಿಯ ದಿನ ಯಾರ ಸರದಿ

ಹಿಡಿಕೆಗಳೆಲ್ಲ ಒಟ್ಟಿಗೆ ಎಡಕ್ಕೆ ವಾಲುತ್ತವೆ, ಒಟ್ಟಿಗೆ ಬಲಕ್ಕೆ, ಹಿಡಿದುಕೊಳ್ಳುವ ಕೈ ಒಂದೂ ಇಲ್ಲ, ಭಾನುವಾರ ಬೆಳಗಿನ ಲೋಕಲ್ ರೈಲು, ಲೇಡೀಸ್ ಡಬ್ಬಿ, ಕಿಟಕಿಯ ಕಂಬಿಗಳ ನೆರಳು ನನ್ನ ಮಡಿಲ ಮೇಲೆ ಓಡುತ್ತಿದೆ, ಸೈದಾಪೇಟೆ ದಾಟಿತೋ ಇಲ್ಲವೋ — ದಾಟಿರಬೇಕು, ಹೊಳೆಯ ವಾಸನೆ ಬಂತು — ಬಾಯೊಳಗೆ ನಾಲಗೆ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದುಕೊಂಡಿದೆ, ನಿನ್ನೆ ದಶಮಿ, ಮಧ್ಯಾಹ್ನ ಎರಡು ಗಂಟೆಗೆ ಒಂದೇ ಊಟ, ಸಂಜೆ ಎರಡು ಗುಟುಕು ನೀರು, ಇವತ್ತು ಏಕಾದಶಿ, ಅದೂ ಇಲ್ಲ, ನಾಳೆ ದ್ವಾದಶಿ ಬೆಳಗ್ಗೆ ಪಾರಣೆಯವರೆಗೆ ಒಂದು ಹನಿಯೂ ಇಲ್ಲ, ಇಪ್ಪತ್ತೆಂಟು ವರ್ಷದಿಂದ ಹೀಗೇ, ಈ ಹೊತ್ತಿನಲ್ಲಿ ಪಶ್ಚಿಮ ಮಾಂಬಲದ ಮನೆಯಲ್ಲಿ ಫ್ಯಾನಿನ ಕೆಳಗೆ ಜಪಮಣಿ ಹಿಡಿದು ಕೂತಿರಬೇಕಾದವಳು ನಾನು, ಒಂಬತ್ತು ಗಂಟೆಗೆ ಫೋನು, ವಾರ್ಡಿನ ನರ್ಸು ಮೌನ, ಹೆಸರು ಮೌನ, ಬಾಯಿ ಮಾತ್ರ ಕೋಯಂಬೇಡು ಮಾರ್ಕೆಟ್ಟು, ಮೇಡಂ, ಇನ್ನಿಕ್ಕಿ ಫಿಸಿಯೋ ಯಾರುಮೇ ವರಲೆ, ಪನ್ನೆಂಡಾಂ ಬೆಡ್ ಪಾಟಿ ಅಪ್ಪಡಿಯೇ ಪಡುತ್ತಿರುಕ್ಕಾಂಗ — ಫಿಸಿಯೋಥೆರಪಿಯವರು ಯಾರೂ ಬಂದಿಲ್ಲ, ಹನ್ನೆರಡನೇ ಮಂಚದ ಅಜ್ಜಿ ಹಾಗೇ ಮಲಗಿದ್ದಾರೆ ಅಂತ, ಹನ್ನೆರಡನೇ ಮಂಚ ಅಂದರೆ ಜಾನಕಮ್ಮ, ಎಪ್ಪತ್ತೆರಡು ವರ್ಷ, ನಿನ್ನೆ ಬೆಳಗ್ಗೆ ಬಲ ಮಂಡಿ ಬದಲಾಯಿಸಿದ್ದಾರೆ, ಮೂರು ವರ್ಷದ ಹಿಂದೆ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಎದೆಗೇರಿ, ಉಸಿರು ನಿಂತೇ ಹೋಯಿತು ಅನ್ನುವಾಗ ಬದುಕಿ ಬಂದವರು, ಅಂಥವರನ್ನು ಮಲಗಿಸಿ ಇಡಬಾರದು, ಮಾರನೆಯ ದಿನ ಮಧ್ಯಾಹ್ನದೊಳಗೆ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿಸಲೇಬೇಕು, ಡಾಕ್ಟರು ಚೀಟಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದಾರೆ, ಬರೆದರೆ ಆಯಿತೇ, ನಿಲ್ಲಿಸುವ ಕೈ ಬೇಕಲ್ಲ — ನಾನೇ ಬರ್ತೀನಿ ಅಂದೆ, ಅಂದ ಮೇಲೆ ಕಾಲು ಮಡಚಿ ಚಪ್ಪಲಿ ಹಾಕಿಕೊಳ್ಳುವಾಗ ಗೋಡೆ ಒಂದು ಸುತ್ತು ತಿರುಗಿತು, ನಮ್ಮ ಯಜಮಾನರು ಕಮಲಾಕರ ಪೇಪರು ಕೆಳಗಿಟ್ಟರು, ಒಂದು ಗುಟುಕು ಕುಡಿದು ಹೋಗೇ, ನಿನ್ನ ಕೃಷ್ಣನೇನು ನಮ್ಮ ವಿಮಾ ಆಫೀಸಿನ ಮ್ಯಾನೇಜರನಾ, ದಿನಾ ಹಾಜರಿ ಹಾಕ್ಕೊಂಡು ಕೂರೋಕೆ, ಸಂಹಿತಾ ರೂಮಿನೊಳಗಿಂದಲೇ, ಅಮ್ಮಾ ನೀಂಗ ವಳಿಯಿಲೇ ಮಯಂಗಿ ವಿಳುಂದಾ ಯಾರು ತೂಕ್ಕುವಾ, ದಾರಿಯಲ್ಲಿ ತಲೆಸುತ್ತಿ ಬಿದ್ದರೆ ಯಾರು ಎತ್ತುತ್ತಾರೆ ಅಂತ, ಕನ್ನಡದಲ್ಲಿ ಬೈದರೂ ತಮಿಳಿನಲ್ಲೇ ಉತ್ತರ ಕೊಡುವ ಮಗಳು, ಆದರೆ ಕೇಳಿದ ಪ್ರಶ್ನೆ ಸರಿಯಾದದ್ದೇ, ಎತ್ತುವವಳೇ ಬಿದ್ದರೆ.

ಎತ್ತುವವಳೇ ಬಿದ್ದರೆ ಅನ್ನುವುದು ಹೊಸ ಮಾತಲ್ಲ, ಐದು ವರ್ಷದ ಹಿಂದೆ ಒಂದು ಏಕಾದಶಿ, ದಪ್ಪ ಮೈಯ ಒಬ್ಬ ಮೇಷ್ಟರು, ನಿಲ್ಲಿಸಿದ್ದೆ, ಅವರ ನಡುವಿಗೆ ಕಟ್ಟಿದ ಪಟ್ಟಿ ನನ್ನ ಕೈಯಲ್ಲೇ ಇತ್ತು, ಆ ಕೈಯೇ ನನ್ನದಲ್ಲ ಅನ್ನಿಸಿತು ಒಂದು ಕ್ಷಣ, ಮನುಷ್ಯ ಮೆಲ್ಲಗೆ ನನ್ನ ತೊಡೆಯ ಮೇಲೆ ಜಾರಿ ನೆಲದಲ್ಲಿ ಕೂತರು, ಏನೂ ಆಗಲಿಲ್ಲ, ಅವರೇ ನಕ್ಕರು, ಯಾರೂ ಏನೂ ಕೇಳಲಿಲ್ಲ, ನಾನು ಮಾತ್ರ ಅವತ್ತೇ ನಿಶ್ಚಯ ಮಾಡಿದೆ, ಏಕಾದಶಿಯ ದಿನ ರೋಗಿಯನ್ನು ಮುಟ್ಟುವುದಿಲ್ಲ, ವ್ರತ ಬಿಡುವುದಿಲ್ಲ, ಹಾಗಾಗಿ ಅವತ್ತಿನ ಕೆಲಸ ಬಿಡಬೇಕು — ಬೇಬಿಗೆ ಹೇಳಿದೆ, ಬೇಬಿ ನಾಗರಕೋಯಿಲಿನವಳು, ನನ್ನ ಜೊತೆಯ ಫಿಸಿಯೋ, ಕತ್ತಿನಲ್ಲಿ ಸಣ್ಣ ಶಿಲುಬೆ, ಅಕ್ಕಾ, ಉಂಗ ಏಕಾದಶಿಯೆಲ್ಲಾಂ ಎನಕ್ಕು, ಎನ್ ಕ್ರಿಸ್ಮಸ್ ಈಸ್ಟರ್ ಎಲ್ಲಾಂ ಉಂಗಳುಕ್ಕು, ಸರಿಯಾ ಅಂದಳು, ನಿಮ್ಮ ಏಕಾದಶಿಗಳೆಲ್ಲ ನನಗೆ, ನನ್ನ ಹಬ್ಬಗಳು ನಿಮಗೆ, ವರ್ಷಕ್ಕೆ ಇಪ್ಪತ್ತನಾಲ್ಕಕ್ಕೆ ಎರಡು, ಎಂಥ ಉದಾರ ವ್ಯಾಪಾರ, ಆವಾಗ ಮೂರು ಜನ ಇದ್ದೆವು, ರೂಪೇಶ್ ಪೆರುಂಗುಡಿಗೆ ಹೋದ, ಕಂಪ್ಯೂಟರ್ ಮುಂದೆ ಕೂತವರ ಕತ್ತು ನೋಡುವ ಕೆಲಸವಂತೆ, ಶನಿವಾರ ಭಾನುವಾರ ರಜೆಯಂತೆ, ಹೋಗುವಾಗ ಮೇಡಂ ನೀವೂ ಬನ್ನಿ ಅಂದ, ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ, ಮೂವತ್ತು ಮಂಚದ ಆಸ್ಪತ್ರೆ, ಇಬ್ಬರು ಸಾಕು ಅಂತ ಆಡಳಿತದವರು, ಸಾಕು ಅನ್ನುವವರು ಯಾರೂ ಎತ್ತುವವರಲ್ಲ, ಶನಿವಾರ ಮಧ್ಯಾಹ್ನ ಒಂದರವರೆಗೆ ಇಬ್ಬರೂ ಇರುತ್ತೇವೆ, ಅದಾದ ಮೇಲೆ ಶನಿವಾರದ ಸಂಜೆ ಒಬ್ಬಳು, ಭಾನುವಾರ ಇನ್ನೊಬ್ಬಳು, ಗೋಡೆಯ ಪಟ್ಟಿಯಲ್ಲಿ ತಾರೀಖಿನ ಮುಂದೆ ಹೆಸರು ಬರೆಯುವುದನ್ನು ಬಿಟ್ಟು ಎಷ್ಟೋ ತಿಂಗಳಾಯಿತು, ಇಬ್ಬರೇ ಇರುವಾಗ ಬರೆಯುವುದೇನು, ಏಕಾದಶಿ ಯಾವತ್ತೋ ಅವತ್ತು ಬೇಬಿ, ಇನ್ನೊಂದು ದಿನ ನಾನು — ಅದೇ ತಪ್ಪು, ಅಲ್ಲೇ ತಪ್ಪು, ನಿನ್ನೆ ಹನ್ನೊಂದು ಗಂಟೆಗೆ ವಡೆ ತಂದಳು, ಬೇಡ ಅಂದೆ, ಟೀ, ಅದೂ ಬೇಡ ಅಂದೆ, ದಶಮಿ ಕಣೇ, ಒಪ್ಪೊತ್ತು, ಮನೆಗೆ ಹೋಗಿ ಮಡಿಯಲ್ಲಿ ಊಟ ಅಂತ ವಿವರಿಸುವಷ್ಟು ತ್ರಾಣ ಇರಲಿಲ್ಲ, ಅವಳು ಗೋಡೆಯ ಕ್ಯಾಲೆಂಡರು ನೋಡಿದ್ದಾಳೆ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರು, ನಿನ್ನೆಯ ಹಾಳೆಯಲ್ಲೇ ಏಕಾದಶಿ ಅಂತ ಇದೆ, ಇದೆ, ಅವರಿಗೆ ನಿನ್ನೆಯೇ, ನಮ್ಮ ಮಠದ ಪಂಚಾಂಗದಲ್ಲಿ ನಿನ್ನೆ ಬೆಳಗಿನ ಜಾವ ದಶಮಿ ಸೋಕಿತ್ತು, ದಶಮಿ ಸೋಕಿದ ಏಕಾದಶಿ ನಮಗಾಗದು, ಮರುದಿನವೇ ಉಪವಾಸ, ಇದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು, ಅವಳು ನನ್ನ ಒಣಗಿದ ಮುಖ ನೋಡಿದಳು, ಹಾಳೆ ನೋಡಿದಳು, ಒಂದು ಗಂಟೆಗೆ ನನ್ನ ಕೈಚೀಲ ತಂದು ಹೆಗಲಿಗೆ ಹಾಕಿದಳು, ನೀಂಗ ಪೋಂಗಕ್ಕಾ, ಇನ್ನಿಕ್ಕಿ ನಾನ್ ಪಾತ್ತುಕ್ಕಿರೇನ್, ಇವತ್ತು ನಾನು ನೋಡಿಕೊಳ್ಳುತ್ತೇನೆ — ನಾನೇನು ತಿಳಿದೆ, ಪಾಪ, ಶನಿವಾರವನ್ನೂ ತಾನೇ ಹೊತ್ತುಕೊಂಡಳು, ಎರಡು ದಿನವೂ ಅವಳೇ, ನನಗೆ ದಣಿವಾಗಿದೆ ಅಂತ ಕಂಡುಕೊಂಡಳು, ದೇವರಂಥ ಹುಡುಗಿ, ಕಣ್ಣು ತುಂಬಿ ಬಂತು, ಕಣ್ಣು ತುಂಬಿ ಬರುವವರು ಬಾಯಿ ಬಿಟ್ಟು ಒಂದು ಮಾತು ಕೇಳಬಾರದೇ, ನಾಳೆ ಯಾರು ಬರೋದು ಅಂತ, ಕೇಳಲಿಲ್ಲ, ಕೇಳಿದರೆ ಎಲ್ಲಿ ನೀವೇ ಅಂದುಬಿಡುತ್ತಾಳೋ ಅಂತ ಒಳಗೊಂದು ಮೂಲೆಯಲ್ಲಿ ಭಯವಿತ್ತೇನೋ, ಇತ್ತು, ಸುಳ್ಳು ಹೇಳಬಾರದು, ಇವತ್ತು ಹರಿದಿನ — ಬೆಳಗ್ಗೆ ಫೋನು ಮಾಡಿದಾಗ ಅವಳ ಹಿಂದೆ ಗಂಟೆಯ ಸದ್ದು, ನಾಗರಕೋಯಿಲಿನ ಚರ್ಚು, ತಂಗಿಯ ಮಗಳಿಗೆ ಏನೋ ಮೊದಲ ಪೂಜೆ, ಅಯ್ಯೋ ಅಕ್ಕಾ, ಏಕಾದಶಿ ನೇತ್ತೇ ಮುಡಿಂಜು ಪೋಚೇ, ನಿನ್ನೆಯೇ ಮುಗಿಯಿತಲ್ಲ, ಇವತ್ತೂ ಇದೆಯಾ, ನಿಮಗೆ ಎರಡೆರಡು ದಿನವಾ, ಅಳು ಬರುವ ದನಿ, ಇಲ್ಲ ಕಣಮ್ಮ, ನಿನ್ನ ತಪ್ಪಿಲ್ಲ, ನೀನು ಪೂಜೆ ಮುಗಿಸಿ ಬಾ.

ಮೀನಂಬಾಕ್ಕಂ, ವಿಮಾನ ಒಂದು ತಲೆಯ ಮೇಲೇ ಇಳಿಯಿತು, ಡಬ್ಬಿಯ ತಗಡೆಲ್ಲ ನಡುಗಿತು, ನನ್ನ ಕೈಯೂ ನಡುಗುತ್ತಿದೆ, ವಿಮಾನದಿಂದಲ್ಲ, ಹೋದ ಮೇಲೂ ನಡುಗುತ್ತಿದೆ, ಕೃಷ್ಣಾ, ಈ ಕೈಯಿಂದಲೇ ಹಿಡಿಸುವೆಯಾ — ಅಜ್ಜಿ ಹೇಳುತ್ತಿದ್ದ ಕತೆ, ಪೆನ್ನೆ ಹೊಳೆಯ ದಡದ ಊರಲ್ಲಿ ಬೀಸುಕಲ್ಲಿನ ಮುಂದೆ ಕೂತು ಬೀಸುತ್ತ ಹೇಳುತ್ತಿದ್ದಳು, ಒಂದಾನೊಂದೂರಲ್ಲಿ ಒಬ್ಬಳು ಮುದುಕಿ, ಹುಟ್ಟಿದಾಗಿನಿಂದ ಏಕಾದಶಿ ತಪ್ಪಿದವಳಲ್ಲ, ಹೆತ್ತ ದಿನವೂ ತಪ್ಪಿದವಳಲ್ಲ, ಒಂದು ಏಕಾದಶಿ, ಕಲ್ಲು ಸಿಡಿಯುವ ಬಿಸಿಲು, ಕಂಬಳಿ ಹೊದ್ದವನೊಬ್ಬ ಬಾಗಿಲಿಗೆ ಬಂದ, ಅಂಗೈಯಲ್ಲಿ ಒಂದು ಗೊರವಂಕದ ಮರಿ, ಕೊಕ್ಕು ತೆರೆದುಕೊಂಡು ಸಾಯುತ್ತಾ ಇದೆ, ಅಮ್ಮಾ ಇದಕ್ಕೆ ನೀರು, ಮುದುಕಿ ಬಟ್ಟಲಲ್ಲಿ ಕೊಟ್ಟಳು, ಕುಡಿಯಲಿಲ್ಲ, ಎಲೆಯಲ್ಲಿ ಕೊಟ್ಟಳು, ಕುಡಿಯಲಿಲ್ಲ, ಕಂಬಳಿಯವನು ಹೇಳಿದ, ಇದು ತಾಯಿ ಬಾಯಿಂದ ಕುಡಿದು ಅಭ್ಯಾಸ ತಾಯೀ, ಬಾಯಿಗೆ ನೀರು ತಗೊಂಡು ಕೊಡಬೇಕು, ಮುದುಕಿ ಬಾವಿಯ ಕಡೆ ನೋಡಿದಳು, ತುಳಸಿಯ ಕಡೆ ನೋಡಿದಳು, ನೀರು ಬಾಯಿಗೆ ತಗೊಂಡಳು, ಮರಿಯ ಕೊಕ್ಕಿಗೆ ಬಿಟ್ಟಳು, ಅಷ್ಟೇ ಕತೆ — ಅಜ್ಜೀ, ಅವಳ ಉಪವಾಸ ಮುರೀತಾ, ಅಂತ ನಾವು, ನಂಗೇನೇ ಗೊತ್ತು, ನಾನೇನು ಅವಳ ಬಾಯೊಳಗೆ ಕೂತಿದ್ನಾ, ಹೋಗು, ರಾಗಿ ಸುರಿ, ಅಂತ ಅಜ್ಜಿ, ಐವತ್ತೊಂದು ವರ್ಷದವಳಾದ ಮೇಲೂ ಆ ಅಜ್ಜಿಯ ಮೇಲೆ ಕೋಪ ಬರುತ್ತದೆ, ಒಂದು ಮಾತು ಹೇಳಿ ಸಾಯಬಾರದಿತ್ತೇ, ಮುರಿಯಿತು ಅಂತಲೋ ಇಲ್ಲ ಅಂತಲೋ — ಪಲ್ಲಾವರಂ, ಮುಂದಿನದೇ ಕ್ರೋಂಪೇಟೆ, ಏಳಬೇಕು, ಕಂಬ ಹಿಡಿದು ಏಳು, ಮೊದಲು ಪಾದ ಊರು, ಆಮೇಲೆ ಮಂಡಿ, ರೋಗಿಗಳಿಗೆ ಹೇಳುವುದನ್ನೇ ನನಗೆ ಹೇಳಿಕೊಳ್ಳುತ್ತಿದ್ದೇನೆ, ಮೆಟ್ಟಿಲು ಎಷ್ಟು ಉದ್ದ ಇವತ್ತು, ಬಿಸಿಲು ತಲೆಯ ಮೇಲೆ ಕೈಯಿಟ್ಟು ಅದುಮುತ್ತದೆ, ಎಳನೀರಿನ ಗಾಡಿಯವನು ಕರೆಯುತ್ತಾನೆ, ಅಮ್ಮಾ ಎಳನೀರ್, ಇವನಿಗೆ ಇವತ್ತೇ ನನ್ನ ಮುಖ ಕಾಣಬೇಕೇ.

ವಾರ್ಡಿನೊಳಗೆ ಫಿನಾಯಿಲು ಮತ್ತು ಇಡ್ಲಿ ಎರಡರದೂ ವಾಸನೆ, ಮೌನ ಓಡಿ ಬಂದಳು, ಎರಡು ವಾರ್ಡಿಗೆ ಇವತ್ತು ಅವಳೊಬ್ಬಳೇ, ಮೇಡಂ, ಪಾಟಿ ಏನೂ ತಿಂದಿಲ್ಲ, ನೀರೂ ಇಲ್ಲ, ಕೇಳಿದರೆ ಏಕಾದಶಿ ಅಂತಾರೆ, ಬಿ.ಪಿ. ತೊಂಬತ್ತರ ಹತ್ತಿರ ಬಂದಿದೆ — ಹಾಗಾದರೆ ಈ ಊರಿನಲ್ಲಿ ಇವತ್ತು ಏಕಾದಶಿ ಮಾಡುವ ಇನ್ನೊಬ್ಬರು ಇಲ್ಲೇ ಇದ್ದಾರೆ, ಹನ್ನೆರಡನೇ ಮಂಚದಲ್ಲಿ, ಅದೇ ಪಂಚಾಂಗ, ಹಣೆಯಲ್ಲಿ ಒರೆಸಿ ಹೋದ ಅಂಗಾರದ ಗೆರೆ, ಬಲಗಾಲು ದಿಂಬಿನಂತೆ ಕಟ್ಟಿಟ್ಟಿದೆ, ಮಗ ಸುಶಮೀಂದ್ರ ಪಕ್ಕದಲ್ಲಿ ನಿಂತಿದ್ದಾನೆ, ರೈಲ್ವೆಯಲ್ಲಿ ಕೆಲಸ, ಅವನೂ ನನ್ನ ರೋಗಿಯೇ, ಹೋದ ತಿಂಗಳು ನಡುಮೂಳೆ ಜಾರಿ ಬಂದಿದ್ದ, ಬಂದ ತಕ್ಷಣ ಅಂಗಿ ಎತ್ತಿ ಸೊಂಟದ ಬೆಲ್ಟು ತೋರಿಸಿದ, ಮೇಡಂ, ನಾ ಎತ್ತಂಗಿಲ್ರೀ, ನೀವ ಎತ್ತಬ್ಯಾಡ ಅಂದೀರಿ, ಸರಿ, ಎತ್ತುವ ಗಂಡಸೂ ಆಯಿತು, ಡ್ರಿಪ್ಪು ಹಾಕಬಾರದೇ ಅಂದೆ ಮೌನಳಿಗೆ, ಬೆಳಗ್ಗೆಯೇ ಸೂಜಿ ಇದ್ದಲ್ಲಿ ಊದಿಕೊಂಡು ತೆಗೆದಾಯಿತಂತೆ, ಮತ್ತೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲವಂತೆ, ಡಾಕ್ಟರು ಫೋನಿನಲ್ಲಿ ಬೈದರಂತೆ, ಬಾಯಿ ಇರುವಾಗ ಡ್ರಿಪ್ಪು ಯಾಕೆ ಅಂತ, ಜಾನಕಮ್ಮ ಮಲಗಿದಲ್ಲಿಂದಲೇ, ಹಾಕ್ರಿ, ಇನ್ನೊಂದು ಸಲ ಚುಚ್ಚರಿ, ಸೂಜಿಯಿಂದ ಹೋದದ್ದು ಬಾಯಿಂದ ಹೋದಂಗಲ್ಲ — ಎಂಥ ವಕೀಲೆ, ನನ್ನ ಅತ್ತೆಗಿಂತ ಮೇಲು, ಹನ್ನೊಂದೂಕಾಲು, ಎಡಗಾಲಿನ ಮೀನಖಂಡ ಮುಟ್ಟಿ ನೋಡಿದೆ, ಮೆತ್ತಗಿದೆ, ಬಿಸಿ ಇಲ್ಲ, ರಾಯರೇ, ಇನ್ನೂ ರಕ್ತ ಕಟ್ಟಿಲ್ಲ, ಆದರೆ ಬೆಳಗಿನಿಂದ ಮರದ ಕೊರಡಿನಂತೆ ಮಲಗಿದ್ದಾರೆ, ಇವರನ್ನು ಈಗ ನಿಲ್ಲಿಸಬೇಕು, ನೀರಿಲ್ಲದೆ ನಿಲ್ಲಿಸಿದರೆ ಕಣ್ಣು ಕತ್ತಲಿಟ್ಟು ನನ್ನ ಮೇಲೆ ಬೀಳುತ್ತಾರೆ, ನೀರಿಲ್ಲದ ನಾನು ಅವರ ಕೆಳಗೆ ಬೀಳುತ್ತೇನೆ, ಎಪ್ಪತ್ತೆಂಟು ಕಿಲೋ ಅಂತ ಚೀಟಿಯಲ್ಲಿದೆ, ಹೊಸ ಮಂಡಿ ಒಂದು ಸಲ ಬಿದ್ದರೆ — ಹೆಂಗಸು ಆಮೇಲೆ ನಡೆಯುವುದಿಲ್ಲ.

ಅಮ್ಮಾ, ಒಂದು ಲೋಟ ನೀರು ಕುಡೀರಿ, ಕಾಯಿಲೆಯವರಿಗೆ ದೋಷ ಇಲ್ಲ, ನೀರು, ಔಷಧ, ಗುರುಗಳ ಮಾತು, ಇವು ವ್ರತ ಕೆಡಿಸಲ್ಲ ಅಂತ ಶಾಸ್ತ್ರವೇ ಹೇಳುತ್ತೆ, ಎಷ್ಟು ನಯವಾಗಿ ಹೇಳಿದೆ, ಎಷ್ಟು ಜನಕ್ಕೆ ಹೀಗೆ ಹೇಳಿದ್ದೇನೆ, ಜಾನಕಮ್ಮ ಕಣ್ಣು ಕಿರಿದು ಮಾಡಿ ನನ್ನ ಬಾಯಿ ನೋಡಿದರು, ಮುಖವನ್ನಲ್ಲ, ಬಾಯಿಯನ್ನು, ಹೌದವಾ, ಶಾಸ್ತ್ರ ಹೇಳ್ತದ, ನೀ ಕುಡದಿಯೇನು, ತುಟಿ ನೋಡಿಲ್ಲೆ, ಬಿರಕ ಬಿಟ್ಟಾವ, ಮಾತಾಡಿದ್ರ ಟಪ್ ಟಪ್ ಅಂತದ ನಾಲಿಗಿ, ನಿನಗೊಂದು ಶಾಸ್ತ್ರ, ನನಗೊಂದು ಶಾಸ್ತ್ರ ಏನು, ಸುಶಮೀಂದ್ರ, ಅವ್ವಾ ಮೇಡಮ್ಮೋರಿಗೆ ಹಂಗ ಅನಬ್ಯಾಡ, ನೀ ಸುಮ್ನಿರೋ, ಬೆಲ್ಟು ಕಟಗೊಂಡಾಂವ, ನಾನು ಅಕಿನ್ನ ಕೇಳಾಕತ್ತೀನಿ, ಎಷ್ಟು ವರ್ಷಾತು ನಿಂದು, ಇಪ್ಪತ್ತೆಂಟು ಅಂದೆ, ನಂದು ಐವತ್ತಾರು, ನಿನಗಿಂತ ಒಂದು ಆಯುಷ್ಯ ಹೆಚ್ಚು, ನಾ ಬಿಡ್ಲೇನು, ಅಮ್ಮಾ ನಾನು ರೋಗಿ ಅಲ್ಲ, ನೀವು ರೋಗಿ ಅಂದೆ, ರೋಗಿನ ಹಿಡಿಯಾಕಿ ನೀನಲ್ಲೇನ, ನಡಗೂ ಕೈಲೆ ನನ್ನ ಹಿಡೀತಿಯಾ, ನಾ ಏನು ಹಪ್ಪಳೇನು ಹಗೂರಕ ಎತ್ತಾಕ, ಮೊದ್ಲ ನೀ ಕುಡಿ, ಆಮ್ಯಾಲ ನಾ ಕುಡೀತೀನಿ, ಇಲ್ಲಂದ್ರ ಇಬ್ರೂ ಹಿಂಗ ಹರಿನಾಮ ಹೇಳ್ಕೋತ ಮಲಗೂಣು, ಮಂಚ ದೊಡ್ಡದದ — ಮೌನ ಅರ್ಥವಾಗದೆ ನನ್ನ ಮುಖ ಅವರ ಮುಖ ನೋಡುತ್ತಿದ್ದಾಳೆ, ಐದು ನಿಮಿಷ ಮಾತ್ರ ಮೇಡಂ, ಅಲ್ಲಿ ಇನ್ನೊಂದು ಬೆಡ್ಡಿಗೆ ಇಂಜೆಕ್ಷನ್ನಿದೆ, ಇಪ್ಪತ್ತೆಂಟು ವರ್ಷ, ಯಾಕೆ ಹಿಡಿದೆ ಅದನ್ನು, ಮದುವೆಯಾಗಿ ಬಂದಾಗ ಅತ್ತೆ ನೀರು ಕುಡಿಯದೆ ಇರುತ್ತಿದ್ದರು, ಅವರಿಗಿಂತ ಒಂದು ಕೂದಲೆಳೆ ಕಡಿಮೆ ಆಗಬಾರದು ಅಂತ ಶುರು ಮಾಡಿದ್ದು, ಆಮೇಲೆ ಅವರು ಹೋದರು, ಹಟ ಉಳಿಯಿತು, ಹಟದ ಮೇಲೆ ಭಕ್ತಿ ಬಂದು ಕೂತಿತು, ಬಂದದ್ದೇನೋ ನಿಜ, ಮಧ್ಯಾಹ್ನದ ಮೂರು ಗಂಟೆಗೆ ಹೊಟ್ಟೆ ಮಾತು ನಿಲ್ಲಿಸಿದ ಮೇಲೆ ಒಂದು ನಿಶ್ಶಬ್ದ ಬರುತ್ತದಲ್ಲ, ಅದರೊಳಗೆ ಅವನು ಪಕ್ಕದ ಕೋಣೆಯಲ್ಲಿ ಓಡಾಡುವ ಹಾಗೆ ಅನ್ನಿಸುತ್ತದಲ್ಲ, ಅದಕ್ಕಾಗಿಯೇ ಅಲ್ಲವೇ, ಅದಕ್ಕಾಗಿಯೇ ಹದಿನೈದು ದಿನ ಈ ವಾರ್ಡಿನ ಭಾರಗಳನ್ನೆಲ್ಲ ಎತ್ತುತ್ತಿದ್ದೆ, ಒಂದು ದಿನ ನನ್ನದು, ಒಂದೇ ಒಂದು ದಿನ ಯಾರೂ ನನ್ನ ಹೆಗಲ ಮೇಲೆ ತೂಗದ ದಿನ — ಓ, ಅದೇ ಏನು, ಇಷ್ಟು ವರ್ಷ ನಾನು ಅವನಿಗೆ ಕೊಟ್ಟೆ ಅಂದುಕೊಂಡದ್ದು ನನ್ನ ರಜೆಯೇ ಏನು, ಅದನ್ನೂ ಕೇಳುತ್ತಿದ್ದೀಯಾ ಕೃಷ್ಣಾ, ಹನ್ನೆರಡನೇ ಮಂಚದಲ್ಲಿ ಮಲಗಿಕೊಂಡು, ರಾಯಚೂರಿನ ಮಾತಾಡಿಕೊಂಡು, ಕೇಳುತ್ತಿದ್ದೀಯಾ.

ಲೋಟ ಸ್ಟೀಲಿನದು, ಮೌನಳೇ ತಂದು ಕೊಟ್ಟಳು, ಕ್ಯಾನಿನ ನೀರು, ಪ್ಲಾಸ್ಟಿಕ್ಕಿನ ವಾಸನೆ, ಮಡಿಯಿಲ್ಲ, ಮಂತ್ರವಿಲ್ಲ, ನಿಂತುಕೊಂಡೇ, ಎತ್ತಿ ಕುಡಿದೆ, ಮೂರು ಗುಟುಕು, ನಾಲ್ಕು, ತಣ್ಣಗೆ ಗಂಟಲಿನಿಂದ ಇಳಿದು ಎಲ್ಲಿಗೋ ಹೋಯಿತು, ಆಕಾಶ ಬೀಳಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು, ಮೂರನೇ ಮಂಚದವರು ಕೆಮ್ಮಿದರು, ಒಳಗೆ ಇಪ್ಪತ್ತೆಂಟು ವರ್ಷ ಒಂದು ಸದ್ದೂ ಮಾಡದೆ ಒದ್ದೆಯಾಯಿತು, ಅಳು ಬರಬೇಕಿತ್ತು, ಬರಲಿಲ್ಲ, ಇನ್ನೊಂದು ಲೋಟ ಕೊಡಮ್ಮ ಅಂದೆ ಮೌನಳಿಗೆ, ಜಾನಕಮ್ಮ ನೋಡುತ್ತಿದ್ದರು, ಗೆದ್ದವರ ಮುಖ ಅಲ್ಲ ಅದು, ಹಟ ಹಿಡಿದ ಮಗು ಕೇಳಿದ್ದು ಸಿಕ್ಕಿದಾಗ ಹೆದರುವ ಹಾಗೆ, ಕುಡದೇ ಬಿಟ್ಟೆಲ್ಲಾ ತಂಗೀ, ಅಯ್ಯ, ನಾ ಚಾಷ್ಟಿಗಂದಿದ್ದೆ, ಖರೇನ ಅಲ್ಲ, ಕುಡೀರಿ ಈಗ, ಮಾತು ಕೊಟ್ಟಿದ್ದೀರಿ ಅಂದೆ, ಕೈ ಚಾಚಿದರು, ಕುಡಿಯುವ ಮುಂಚೆ ಲೋಟಕ್ಕೆ ಮೂರು ಸಲ ಬೆರಳು ಸುತ್ತಿ ಏನೋ ಅಂದುಕೊಂಡರು, ಶ್ರೀಕೃಷ್ಣಾರ್ಪಣ ಅಂತ ಮಾತ್ರ ಕೇಳಿಸಿತು, ನಾನು ಅಷ್ಟನ್ನೂ ಅನ್ನಲಿಲ್ಲವಲ್ಲ, ಗಟಗಟ ಕುಡಿದರು, ಎಷ್ಟು ಬಾಯಾರಿತ್ತೋ ಪಾಪ, ಹಾಗೇ ಎರಡನೇ ಲೋಟವನ್ನೂ, ಕಾಲು ಗಂಟೆ ಕಾದೆವು, ಬಿ.ಪಿ. ನೂರಾಹತ್ತು, ಪಟ್ಟಿ ಕಟ್ಟಿದೆ ನಡುವಿಗೆ, ಬಿಗಿ ಆಯ್ತಾ, ಆತು, ವಾಕರು ಎದುರಿಗಿಟ್ಟೆ, ಇನ್ನೊಂದು ಲೋಟ ಕೊಡು ಬಾಯಿ ಒಣಗ್ತದ ಅಂದರು, ಕೊಟ್ಟೆ, ಕೊನೆಯ ಗುಟುಕು ನುಂಗುವ ಮುಂಚೆಯೇ, ಈಗ, ಅಂದೆ, ಎರಡೂ ಕೈ ವಾಕರಿಗೆ, ಎಡಗಾಲು ಹಿಂದಕ್ಕೆ, ಮುಂದಕ್ಕೆ ಬಾಗಿ, ಒಂದು ಎರಡು — ಮೂರಕ್ಕೆ ಎದ್ದರು, ಎಪ್ಪತ್ತೆಂಟು ಕಿಲೋ ನನ್ನ ಮಣಿಕಟ್ಟಿಗೆ ಬಂತು, ಬಂದು ನಿಂತಿತು, ಕೈ ನಡುಗಲಿಲ್ಲ, ಪಾದದಿಂದ ಮೇಲಕ್ಕೆ ಒಂದು ಗಟ್ಟಿತನ ಏರಿತು, ಅವರ ಮುಖ ನನ್ನ ಮುಖಕ್ಕೆ ಗೇಣಷ್ಟು ದೂರ, ಮೇಲ್ತುಟಿಯ ಮೇಲೆ ಒಂದು ಹನಿ ನೀರು ನಿಂತಿದೆ, ಒರೆಸಬೇಕು, ಅವರ ಎರಡು ಕೈಯೂ ವಾಕರಿನ ಮೇಲೆ, ನನ್ನ ಎರಡು ಕೈಯೂ ಪಟ್ಟಿಯಲ್ಲಿ, ಬಲಗಾಲು ಮುಂದಿಡಿ, ಇಡಲೇನು, ಇಡಿ, ನಾನಿದ್ದೀನಿ, ಅಯ್ಯಯ್ಯೋ ನಾರಾಯಣಾ, ಇಟ್ಟರು, ಒಂದು, ಬೇಬಿಗೆ ಫೋನು ಮಾಡಬೇಕು, ತಪ್ಪು ನನ್ನದು ಅಂತ ನಾಳೆ ಆಡಳಿತಕ್ಕೆ ಬರೆದುಕೊಡಬೇಕು, ಮೂರನೆಯವರು ಬೇಕೇ ಬೇಕು ಅಂತಲೂ, ಗೋಡೆಯ ಪಟ್ಟಿಯಲ್ಲಿ ತಿಥಿ ಅಲ್ಲ ತಾರೀಖು, ಹನಿ ಬೀಳಲಿಲ್ಲ, ಎಡಗಾಲು, ಹಾಂ, ಎರಡು, ಸುಶಮೀಂದ್ರ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಾನೆ, ಅವನ ಅಳು ಕೇಳಿಸುತ್ತದೆ, ತಿರುಗಿ ನೋಡುವ ಹಾಗಿಲ್ಲ, ಹನಿ ಈಗ ತುಟಿಯ ಅಂಚಿಗೆ ಬಂದಿದೆ, ಬಲಗಾಲು, ಮೂರು, ನಾಳೆ ಸೋಮವಾರ, ಏಳು ಜನ ಹೊರರೋಗಿಗಳು, ನಾಳೆ ಪಾರಣೆ, ಮುರಿದ ಉಪವಾಸಕ್ಕೆ ಪಾರಣೆ ಇದೆಯೇ, ಯಾರನ್ನು ಕೇಳುವುದು, ಅಜ್ಜಿಯಂತೂ ಹೇಳದೆ ಹೋದಳು, ಯಾಕವಾ ಹಂಗ ನೋಡ್ತಿ ನನ್ನ ಬಾಯಿ, ಏನಿಲ್ಲಮ್ಮ, ನಡೀರಿ, ಕಿಟಕಿಯ ಬೆಳಕು ಹನಿಯ ಮೇಲೆ ಬಿದ್ದಿದೆ, ಸಾಸಿವೆಯಷ್ಟು, ಒಳಗೆ ಕಿಟಕಿ ಪೂರ್ತಿ ಕಾಣುತ್ತದೆ, ನಾಲ್ಕನೇ ಹೆಜ್ಜೆ, ಹನಿ ಅದುರುತ್ತದೆ, ಬೀಳುವುದಿಲ್ಲ, ಅವರ ತುಟಿಯ ಮೇಲೆ ಹನಿ, ಒರೆಸಲು ಕೈಯಿಲ್ಲ, ತುಟಿಯ ಮೇಲೆ ಹನಿ —